ನಡುಗಂಬದ ಬಳಿ ಇಳಿದ ಬಕೆಟ್ಟು

ಸರ್ವಮಂಗಳ ಪಾಠಕ್ಕೆ ನಿಂತಳೆಂದರೆ ದನಿ ಕಾರಿಡಾರಿನ ಆ ತುದಿಯ ಕಾಮರ್ಸ್ ಕ್ಲಾಸಿಗೂ ಕೇಳುತ್ತದೆ. ಅದೇ ಗಂಟಲು, ತನಗೇನಾದರೂ ಬೇಕಾದಾಗ ಮಾತ್ರ ಕಟ್ಟಿಹೋಗುತ್ತದೆ. ಕುಣಿಗಲ್ಲಿನ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಹೇಳಲು ಶುರುಮಾಡಿ ಇಪ್ಪತ್ತು ವರ್ಷ ದಾಟಿದೆ. ಸ್ಟಾಫ್ ರೂಮಿನಲ್ಲಿ ಅವಳ ಮೇಜಿನ ಮೇಲಿನ ಫ್ಯಾನು ಕೆಟ್ಟು ಎಷ್ಟೋ ಬೇಸಿಗೆ ಕಳೆದವು. ಹಳೇ ಪ್ರಶ್ನೆಪತ್ರಿಕೆಯಿಂದ ಗಾಳಿ ಬೀಸಿಕೊಂಡಳೇ ಹೊರತು ಆಫೀಸಿಗೆ ಹೋಗಿ ಒಂದು ಮಾತು ಹೇಳಿದವಳಲ್ಲ. ಮದುವೆ ಊಟಕ್ಕೆ ಹೋದರೂ ಅಷ್ಟೆ. ಒಬ್ಬಟ್ಟು ಬಡಿಸುವವನು ಮರೆತು ಮುಂದೆ ಹೋದರೆ ಇವಳು ಎಲೆ ಮಡಿಸಿ ಎದ್ದುಬರುತ್ತಾಳೆ.

ಗಂಡ ರೇಣುಕಾಪ್ರಸಾದ್ ತುಮಕೂರಿನ ಸತ್ಯಮಂಗಲದ ಪಂಪಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅದೇ ಊರಿನ ಮರಳೂರಿನ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಇದೇ ರಾಗ ತೆಗೆಯುತ್ತಾನೆ.

"ಬಾಯಿ ಇದ್ದೋರು ಬರಗಾಲದಲ್ಲೂ ಬದುಕ್ತಾರೆ ಕಣೇ. ನೀನು ಸುಗ್ಗೀಲೂ ಉಪವಾಸ ಬೀಳ್ತೀಯ."

ಸರ್ವಮಂಗಳ ನಕ್ಕುಬಿಡುತ್ತಾಳೆ. ಅವನು ಹೇಳುವುದು ನಿಜವೆಂದೇ ಅವಳೂ ನಂಬಿದ್ದಳು. ಆ ನಂಬಿಕೆ ಅಲ್ಲಾಡಿದ್ದು ಭಾನುಪ್ರಿಯಾ ಎಂಬ ಹುಡುಗಿ ಕ್ಲಾಸಿನಲ್ಲಿ ಎದ್ದುನಿಂತು ಒಂದು ಪ್ರಶ್ನೆ ಕೇಳಿದ ದಿನ.

ಅಂದಿನ ಪಾಠ, ಬ್ಯಾಕ್ಟೀರಿಯಾ ಹೇಗೆ ಎರಡಾಗುತ್ತದೆ ಎಂಬುದು. ಸರ್ವಮಂಗಳಳಿಗೆ ಇಡೀ ಸಿಲಬಸ್ಸಿನಲ್ಲೇ ಇದರ ಮೇಲೆ ಒಂದು ಕೈ ಹೆಚ್ಚು ಪ್ರೀತಿ. ನಮ್ಮೆಲ್ಲರ ಕರುಳಿನಲ್ಲಿ ಮನೆಮಾಡಿಕೊಂಡಿರುವ ಇ. ಕೋಲೈ ಎಂಬ ಜೀವಿ ನೋಡಲು ಒಂದು ಪುಟಾಣಿ ಕ್ಯಾಪ್ಸೂಲು. ಅದಕ್ಕೆ ಕಣ್ಣಿಲ್ಲ, ಅಳೆಯಲು ಟೇಪಿಲ್ಲ, ದಾರ ಹಿಡಿದು ನಿಲ್ಲಲು ಮೇಸ್ತ್ರಿಯೂ ಇಲ್ಲ. ಆದರೂ ಎರಡಾಗುವ ಹೊತ್ತು ಬಂದಾಗ ಗೋಡೆ ಏಳುವುದು ನಡುಮಧ್ಯದಲ್ಲೇ. ಅದು ಹೇಗೆ ಎಂದು ತೋರಿಸಲು ಅವಳು ಪ್ರತಿ ವರ್ಷ ಸ್ಮಾರ್ಟ್ ಬೋರ್ಡಿನಲ್ಲಿ ಒಂದು ವಿಡಿಯೋ ಹಾಕುತ್ತಾಳೆ. ಹೊಳೆಯುವ ಬಣ್ಣ ಕಟ್ಟಿದ ಪ್ರೋಟೀನು ಕೋಶದ ಒಂದು ತುದಿಯಲ್ಲಿ ಮಿನುಗಿ, ಆರಿ, ಇನ್ನೊಂದು ತುದಿಯಲ್ಲಿ ಮಿನುಗುವ ಚಿತ್ರ. ಕಾಲೇಜಿನ ನೆಟ್ಟು ಪ್ರತಿ ವರ್ಷ ಅದೇ ಜಾಗದಲ್ಲಿ ಕೈಕೊಡುತ್ತದೆ. ಆಮೇಲೆ ಅವಳು ಪಂಕ್ತಿಯ ಕತೆಗೆ ಇಳಿಯುತ್ತಾಳೆ.

"ಮಠದಲ್ಲಿ ಊಟಕ್ಕೆ ಕೂತಿದೀರಲ್ಲ? ಆ ಪಂಕ್ತಿ ನೆನಪು ಮಾಡ್ಕೊಳ್ಳಿ," ಎನ್ನುತ್ತ ಬೆಂಚುಗಳ ನಡುವೆ ಕೈಯಲ್ಲಿ ಬಕೆಟ್ಟು ಹಿಡಿದವಳ ಹಾಗೆ ನಡೆದಳು. "ಬಡಿಸೋನು ಈ ತುದಿಯಿಂದ ಆ ತುದಿಗೆ ಹೋಗ್ತಾನೆ. ಅಲ್ಲಿ ನಿಂತು ಬೆವರು ಒರೆಸ್ಕೋತಾನೆ. ಸೌಟು ತಿರುಗಿಸ್ತಾನೆ. ಮತ್ತೆ ವಾಪಸ್ ಬರ್ತಾನೆ. ಈ ತುದೀಲೂ ಅದೇ ಕತೆ. ನಡುವೆ ಕೂತೋರ ಹತ್ರ? ನಿಲ್ಲೋದೇ ಇಲ್ಲ, ಬೀಸಾಗಿ ದಾಟಿಬಿಡ್ತಾನೆ. ಅವನು ತುದಿಗಳಲ್ಲಿ ಇರೋ ಹೊತ್ತು ಜಾಸ್ತಿ, ಮಧ್ಯದಲ್ಲಿ ಕಮ್ಮಿ."

ಮಿನ್‌-ಡಿ ಎಂಬ ಪ್ರೋಟೀನೇ ಆ ಬಡಿಸುವವನು. ಅದು ಕೋಶದ ಒಂದು ತುದಿಯ ಪೊರೆಗೆ ಗುಂಪಾಗಿ ಅಂಟಿಕೊಳ್ಳುತ್ತದೆ. ಮಿನ್‌-ಇ ಎಂಬ ಇನ್ನೊಂದು ಬಂದು 'ಏಳು, ನಡಿ' ಎಂದು ಅದನ್ನು ಎಬ್ಬಿಸುತ್ತದೆ. ಎದ್ದದ್ದು ತೇಲಿಹೋಗಿ ಆಚೆ ತುದಿಯಲ್ಲಿ ಅಂಟುತ್ತದೆ. ಮಿನ್‌-ಇ ಅಲ್ಲಿಗೂ ಬೆನ್ನಟ್ಟುತ್ತದೆ. ಹೀಗೆ ನಿಮಿಷ ನಿಮಿಷಕ್ಕೂ ಹೋಗಿಬರುವುದೇ ಅವುಗಳ ಬದುಕು. ಮಿನ್‌-ಡಿಯ ಹೆಗಲೇರಿ ಮಿನ್‌-ಸಿ ಎಂಬ ಮೂರನೆಯದು ಕೂತಿರುತ್ತದೆ. 'ಇಲ್ಲಿ ಗೋಡೆ ಬೇಡ' ಎನ್ನುವುದೊಂದೇ ಅದರ ಕೆಲಸ. ಆ 'ಬೇಡ' ತುದಿಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ನಡುವೆ ಕಡಿಮೆ. ಹಾಗೆ ಬಿಡುವಾದ ನಡುವಿನಲ್ಲಿ ಇನ್ನೊಂದು ಪ್ರೋಟೀನು ಉಂಗುರ ಕಟ್ಟಿಕೊಳ್ಳುತ್ತದೆ, ಕೋಶ ಅಲ್ಲೇ ಎರಡಾಗುತ್ತದೆ.

"ಇವು ಕೈಕೊಟ್ರೆ ಏನಾಗುತ್ತೆ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಗೋಡೆ ತುದೀಲಿ ಏಳುತ್ತೆ. ಮನೆ ಭಾಗ ಆಯ್ತು ಅನ್ಕೊಳ್ಳಿ. ಒಬ್ಬನಿಗೆ ಇಡೀ ಮನೆ, ಇನ್ನೊಬ್ಬನಿಗೆ ಖಾಲಿ ಬಚ್ಚಲು. ಆ ಪುಟ್ಟ ಭಾಗದಲ್ಲಿ ಡಿ.ಎನ್.ಎ.ನೇ ಇರಲ್ಲ. ಅದು ಬೆಳೆಯೋದೂ ಇಲ್ಲ, ಮಕ್ಕಳು ಮರಿ ಮಾಡೋದೂ ಇಲ್ಲ."

ಕ್ಲಾಸು ನಕ್ಕಿತು. ಸರ್ವಮಂಗಳ ಎಂದಿನಂತೆ ಕತೆಗೆ ಕೊನೆಯ ಮಾತು ಸೇರಿಸಿದಳು: "ನಾನು ನಿಟ್ಟೂರಿನ ಹತ್ರ ಒಂದು ಮಠದ ಸ್ಕೂಲಲ್ಲಿ ಓದಿದ್ದು. ದಿನಾ ಮಧ್ಯಾಹ್ನ ಪಂಕ್ತಿ. ಜೋರಿದ್ದೋರೆಲ್ಲ ಓಡಿಹೋಗಿ ತುದಿ ಹಿಡಿಯೋರು. ನಾನು ಯಾವಾಗ್ಲೂ ನಡುವೆ."

ಆಗ ಎದ್ದವಳು ಭಾನುಪ್ರಿಯಾ. ಕುಣಿಗಲ್ ಕಡೆಯ ಹಳ್ಳಿಯ ಹುಡುಗಿ. ತಲೆಯಲ್ಲಿ ಒಂದು ಅನುಮಾನ ಹೊಕ್ಕರೆ ಅದನ್ನು ಕೇಳಿ ಮುಗಿಸದೆ ಕೂರುವವಳಲ್ಲ.

"ಮೇಡಂ, ಕೋಶದೊಳಗೆ ಓಡಾಡೋದು 'ಬೇಡ' ಅನ್ನೋ ಮಾತು. ಅದಕ್ಕೇ ನಡುವೆ ಇರೋದಕ್ಕೆ ಒಳ್ಳೇದಾಯ್ತು. ಪಂಕ್ತೀಲಿ ಓಡಾಡೋದು ಅನ್ನ. ಹಂಗಾದ್ರೆ ನೀವು ಹಸ್ಕೊಂಡೇ ಬೆಳುದ್ರಾ?"

ಹೌದು ಎನ್ನಲು ಸರ್ವಮಂಗಳ ಬಾಯಿ ತೆರೆದಳು. ಒಂದಾದರೂ ಹಸಿದ ಮಧ್ಯಾಹ್ನ ನೆನಪಿಗೆ ಬರಲೆಂದು ಕಾದಳು. ಬರಲಿಲ್ಲ. ನೆನಪಾದದ್ದೆಲ್ಲ ಬಿಸಿ ಅನ್ನ, ಅವರೆಕಾಳಿನ ಸಾರು, ಸೋಮವಾರದ ಗೋಧಿ ಪಾಯಸ. ಎದ್ದು ಕೈ ತೊಳೆಯಲು ಹೋಗುವಾಗ ಹೊಟ್ಟೆ ಭಾರವಾಗಿ ಲಂಗದ ಲಾಡಿ ಸಡಿಲಿಸಿಕೊಳ್ಳುತ್ತಿದ್ದದ್ದು.

"ಇಲ್ಲ ಕಣಮ್ಮ," ಎಂದಳು, ತನಗೇ ಆಶ್ಚರ್ಯವಾಗಿ. "ಅಲ್ಲಿ ಬಡಿಸ್ತಿದ್ದೋರು ನಡುವೆ ಒಂದ್ಸಲ ನಿಲ್ತಿದ್ರು."

ಬೆಲ್ಲು ಹೊಡೆಯಿತು. ಅಲ್ಲಿಗೆ ಪಾಠ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ. ತುಮಕೂರಿಗೆ ಬರುವ ಬಸ್ಸಿನುದ್ದಕ್ಕೂ ಸರ್ವಮಂಗಳಳ ಕಣ್ಣ ಮುಂದೆ ಆಗ ಮಠದಲ್ಲಿ ಅನ್ನ ಬಡಿಸುತ್ತಿದ್ದ ಮಹಾದೇವಯ್ಯ ಓಡಾಡುತ್ತಿದ್ದರು. ಹೆಗಲ ಮೇಲೆ ಟವೆಲ್ಲು, ಎಡಗೈಯಲ್ಲಿ ಅನ್ನದ ಬಕೆಟ್ಟು, ಬಲಗೈಯಲ್ಲಿ ಸೌಟು. ಹಗಲೆಲ್ಲ ನಿಟ್ಟೂರಿನ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ. ಊಟದ ಹೊತ್ತಿಗೆ ಮಾತ್ರ ಮಠಕ್ಕೆ ಬಂದು ಬಡಿಸಿ ಹೋಗುವುದು, ಅದು ಅವರ ಸೇವೆ. ದಾಸೋಹದ ಮನೆಯ ನಡುವಿನಲ್ಲಿ ಒಂದು ಕಲ್ಲುಕಂಬ. ಪ್ರತಿ ಸಲವೂ ಅಲ್ಲಿಗೆ ಬಂದಾಗ ಬಕೆಟ್ಟು ಕೆಳಗಿಟ್ಟು, ಎಡಗೈ ಕೊಡವಿ, ಕೈ ಬದಲಾಯಿಸುತ್ತಿದ್ದರು. ಬಕೆಟ್ಟು ಇಳಿದಿತ್ತಲ್ಲ, ಎದುರಿನ ಎಲೆಗೆ ಕೇಳದೆಯೇ ಒಂದು ಸೌಟು ಬೀಳುತ್ತಿತ್ತು. ಆ ಎಲೆ ಸರ್ವಮಂಗಳಳದು. ಹುಡುಗರೆಲ್ಲ ಸೇರಿ ಅವರಿಗೆ 'ಅರ್ಧದಾರಿ ಮಾದೇವಯ್ಯ' ಎಂದು ಹೆಸರಿಟ್ಟಿದ್ದರು. ಪಾಪ, ಕೈಯಲ್ಲಿ ಶಕ್ತಿಯಿಲ್ಲ ಎಂದು ಅವಳೂ ಮರುಗುತ್ತಿದ್ದಳು.

ರಾಗಿಹಿಟ್ಟು ಕಲೆಸುತ್ತಾ ಗಂಡನಿಗೆ ಇದನ್ನೆಲ್ಲ ಹೇಳಿದಾಗ ಅವನು ಟೀವಿಯಿಂದ ಕಣ್ಣು ಕೀಳದೆ ಹೇಳಿದ:

"ಬಡಿಸೋನು ನಮ್ಮೋನಾದ್ರೆ ಎಲ್ಲಿ ಕೂತ್ರೇನು ಅಂತ ಗಾದೇನೇ ಇದೆಯಲ್ಲ. ಆದ್ರೂ ಒಂದ್ ಮಾತು. ದಿನಾ ಕಾಯಿ ಸುಲಿಯೋನಿಗೆ ಒಂದು ಬಕೆಟ್ಟು ಅನ್ನ ಭಾರ ಆಗುತ್ತಾ?"

ಸರ್ವಮಂಗಳಳ ಕೈ ಹಿಟ್ಟಿನಲ್ಲೇ ನಿಂತಿತು. ಅಡುಗೆಮನೆಯ ದೊಡ್ಡ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಲು ಬೇರೆಯವರು ನಾಲ್ವರು ಬೇಕಾಗುತ್ತಿತ್ತು, ಮಹಾದೇವಯ್ಯ ಬಂದರೆ ಇಬ್ಬರು ಸಾಕಾಗುತ್ತಿತ್ತು. ಆ ಕೈ ಸೋಲುವ ಕೈಯಾಗಿರಲಿಲ್ಲ. ಹಾಗಾದರೆ ಕಂಬದ ಬಳಿ ಏಕೆ ನಿಲ್ಲುತ್ತಿದ್ದರು? ಇಷ್ಟು ವರ್ಷ ಆ ಅನ್ನ ಉಂಡು ಬೆಳೆದವಳಿಗೆ ಇದು ಹೊಳೆಯಲೇ ಇಲ್ಲವಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಹೋಗಿ ಕೇಳಬೇಕು, ಕೇಳಿ ಒಂದು ನಮಸ್ಕಾರವನ್ನಾದರೂ ಮಾಡಬೇಕು ಎಂದು ತೀರ್ಮಾನಿಸಿದಳು. ಮುಂದಿನ ಭಾನುವಾರವೇ ಮಠದಲ್ಲಿ ಹಿರಿಯ ಗುರುಗಳ ಸ್ಮರಣೆಯ ದಾಸೋಹವಿತ್ತು. ವಿಷಯ ತಿಳಿದ ಭಾನುಪ್ರಿಯಾ, "ನಾನೂ ಬರ್ತೀನಿ ಮೇಡಂ, ಆ ಕಂಬ ನೋಡ್ಬೇಕು," ಎಂದವಳು ಭಾನುವಾರ ಬೆಳಿಗ್ಗೆಯೇ ಕುಣಿಗಲ್ ಬಸ್ಸಿನಲ್ಲಿ ತುಮಕೂರಿಗೆ ಬಂದಿಳಿದಳು. ಇಬ್ಬರೂ ಪ್ಯಾಸೆಂಜರ್ ರೈಲು ಹಿಡಿದು, ಗುಬ್ಬಿ ದಾಟಿ, ನಿಟ್ಟೂರಿನಲ್ಲಿಳಿದು ಆಟೋ ಹತ್ತಿದರು.

ದಾಸೋಹದ ಮನೆಯ ಬಾಗಿಲಲ್ಲೇ ಮಠದ ಸಮಿತಿಯ ಹೊಸ ಕಾರ್ಯದರ್ಶಿ ಮಲ್ಲಿಕಾರ್ಜುನ್ ಸಿಕ್ಕಿದ. ಇದೇ ಶಾಲೆಯಲ್ಲಿ ಅವಳಿಗಿಂತ ಎಷ್ಟೋ ವರ್ಷ ಚಿಕ್ಕ ತರಗತಿಯಲ್ಲಿ ಓದಿದವನು. ಸತ್ಯಮಂಗಲದಲ್ಲಿ ಸ್ವಂತ ಫ್ಯಾಬ್ರಿಕೇಶನ್ ಶೆಡ್ಡು ಇಟ್ಟಿದ್ದಾನೆ. ಅವನ ಪಕ್ಕದಲ್ಲಿ ಚೆಂಡುಹೂ ಮುಡಿದುಕೊಂಡು ಒಂದು ಸ್ಟೀಲಿನ ಗಾಡಿ ಥಳಥಳ ಹೊಳೆಯುತ್ತಿತ್ತು. ನಾಲ್ಕು ಚಕ್ರ, ಮೇಲೆ ಅನ್ನಕ್ಕೊಂದು ಸಾರಿಗೊಂದು ತೊಟ್ಟಿ.

"ನೋಡಕ್ಕ, ನಮ್ಮ ಶೆಡ್ಡಲ್ಲೇ ಮಾಡ್ಸಿದ್ದು. ಸೇವೆಗೆ ಅಂತ ಕೊಟ್ಟೆ. ಈ ತುದೀಲಿ ತಳ್ಳಿದ್ರೆ ಆ ತುದೀಲೇ ನಿಲ್ಲೋದು," ಎಂದ. ಆಮೇಲೆ ದನಿ ತಗ್ಗಿಸಿ, "ಮಾದೇವಯ್ಯೋರಿಗೆ ಇವತ್ತೇ ಕೊನೆ. ಊಟ ಆದ್ಮೇಲೆ ಶಾಲು ಹೊದ್ಸಿ ಮರ್ಯಾದೆಯಾಗಿ ಕಳಿಸ್ಕೊಡ್ತೀವಿ," ಎಂದು ಸೇರಿಸಿದ.

"ಯಾಕಪ್ಪ?"

"ವಯಸ್ಸಾಯ್ತಲ್ಲಕ್ಕ. ಕಂಬದ ಹತ್ರ ಬಂದ್ರೆ ಬಕೀಟು ಕೆಳಗಿಟ್ಟು ನಿಂತ್ಕೊಂಡ್ ಬುಡ್ತಾರೆ. ಹಿಂದೆ ಸಾರಿನೋರು, ಪಲ್ಯದೋರು ಎಲ್ಲ ಸಾಲುಗಟ್ಟಿ ಕಾಯ್ಬೇಕು. ಹೊರಗಡೆ ಬಿಸಿಲಲ್ಲಿ ಜನ ಎರಡನೇ ಪಂಕ್ತಿಗೆ ಕಾಯ್ತಿರ್ತಾರೆ."

ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಒಳಗೆ ಕಂಬಕ್ಕೆ ಒರಗಿ ನಿಂತಿದ್ದ ಮಹಾದೇವಯ್ಯನವರನ್ನು ಸರ್ವಮಂಗಳ ನೋಡಿದಳು. ಮೈ ಇಳಿದಿತ್ತು, ಮಂಡಿ ಬಾಗಿತ್ತು. ಟವೆಲ್ಲು ಮಾತ್ರ ಅದೇ ಹೆಗಲ ಮೇಲಿತ್ತು. ಸುದ್ದಿ ಅವರಿಗೆ ಮುಟ್ಟಿದೆ ಎಂಬುದು ಖಾಲಿ ಬಕೆಟ್ಟಿನ ಹಿಡಿಯನ್ನು ಅವರು ಬಿಗಿಯಾಗಿ ಹಿಡಿದುಕೊಂಡಿದ್ದ ರೀತಿಯಲ್ಲೇ ತಿಳಿಯುತ್ತಿತ್ತು. ಜಗಳವಾಡುವ ಜಾಯಮಾನ ಅವರದಲ್ಲ. ಶಾಲು ಹೊದಿಸಿದರೆ ಹೊದ್ದುಕೊಂಡು ಮನೆಗೆ ಹೋಗುವವರು. ಅವರ ಪರವಾಗಿ ಮಾತಾಡುವವರಿದ್ದರೆ ಅದು ತಾನೊಬ್ಬಳೇ ಎಂದು ಸರ್ವಮಂಗಳಳಿಗೆ ಅರ್ಥವಾಯಿತು. ಬೇಡ ಅಂತ ಹೇಳಬೇಕು. ಏನಂತ ಹೇಳುವುದು? ಸಮಿತಿಯ ತೀರ್ಮಾನಕ್ಕೆ ಅಡ್ಡ ಮಾತಾಡಲು ತಾನು ಯಾರು?

ಅವಳು ಒಳಗೊಳಗೇ ತಡವರಿಸುತ್ತಿರುವಾಗಲೇ ಮೊದಲ ಪಂಕ್ತಿ ಕೂತಾಯಿತು. ಗೋಡೆಯ ಕಡೆಯ ಸಾಲಿಗೆ ಮಲ್ಲಿಕಾರ್ಜುನನ ಗಾಡಿ, ಕಂಬದ ಕಡೆಯ ಸಾಲಿಗೆ ಮಹಾದೇವಯ್ಯ. ಗಾಡಿ ಗಡಗಡ ಎಂದು ಒಂದೇ ಉಸಿರಿಗೆ ಆ ತುದಿ ಮುಟ್ಟಿತು. ಅದನ್ನು ತಿರುಗಿಸುವುದೇ ಒಂದು ಸಾಹಸ. ತಳ್ಳುವವರಿಬ್ಬರು ಅಲ್ಲಿ ನಿಂತು ಹಿಂದೆ ಮುಂದೆ ಎಳೆದಾಡುವಷ್ಟರಲ್ಲಿ ತುದಿಯವರ ಎಲೆಗೆ ಎರಡೆರಡು ಸಲ ಅನ್ನ ಬಿತ್ತು. ಮತ್ತೆ ಗಡಗಡ ಎಂದು ಈ ತುದಿಗೆ ಬಂತು. ಈಚೆ ಸಾಲಿನಲ್ಲಿ ಮಹಾದೇವಯ್ಯ ಮಂಡಿ ಎಳೆದುಕೊಂಡು ಹೋದರು, ಕಂಬದ ಬಳಿ ಬಕೆಟ್ಟು ಇಳಿಸಿದರು, ಅಕ್ಕಪಕ್ಕದ ಎಲೆಗಳನ್ನು ಒಮ್ಮೆ ನೋಡಿದರು, ಒಂದೊಂದು ಸೌಟು ಹಾಕಿದರು, ಕೈ ಬದಲಾಯಿಸಿ ಮುಂದೆ ಹೊರಟರು.

ಜನ ಎದ್ದು ಕೈ ತೊಳೆಯಲು ಹೊರಟಾಗ, ಎಲೆ ಎತ್ತುವವರು ಬರುವುದಕ್ಕೆ ಮೊದಲು, ಭಾನುಪ್ರಿಯಾ ಎರಡು ಸಾಲಿನ ನಡುವೆ ಒಮ್ಮೆ ನಡೆದುಬಂದಳು.

"ಮೇಡಂ, ಎಲೆ ನೋಡಿ," ಎಂದಳು ಮೆಲ್ಲಗೆ.

ಸರ್ವಮಂಗಳ ನೋಡಿದಳು. ಗೋಡೆಯ ಸಾಲಿನ ಎರಡೂ ತುದಿಯ ಎಲೆಗಳಲ್ಲಿ ಅನ್ನ ಮಿಕ್ಕು ಚೆಲ್ಲಾಡಿತ್ತು. ಒಳಗೆ ಬರಬರುತ್ತ ಕಡಿಮೆಯಾಗಿ, ನಡುವಿನ ಎಲೆಗಳು ಒರೆಸಿಟ್ಟಂತೆ ಇದ್ದವು. ಸಾರಿನ ಗುರುತೂ ಉಳಿದಿರಲಿಲ್ಲ. ಕಂಬದ ಸಾಲಿನಲ್ಲಿ ಆ ತುದಿಯಿಂದ ಈ ತುದಿಯವರೆಗೆ ಎಲೆಗಳು ಒಂದೇ ಥರ ಇದ್ದವು, ಉಂಡು ಸಾಕಾಗಿ ಮಡಿಸಿದ ಎಲೆಗಳು. ಇಷ್ಟು ವರ್ಷ ಬೋರ್ಡಿನ ಮೇಲೆ ತಾನು ಬರೆದು ತೋರಿಸುತ್ತಿದ್ದ ಚಿತ್ರ, ತುದಿಯಲ್ಲಿ ದಟ್ಟ, ನಡುವೆ ತೆಳು, ಈಗ ಅನ್ನದಲ್ಲಿ ಬರೆದು ನೆಲದ ಮೇಲೆ ಹಾಸಿತ್ತು. ಕೋಶದಲ್ಲಿ ಆ ತೆಳುವಾದ ಜಾಗದಿಂದಲೇ ಜೀವ ಎರಡಾಗುತ್ತದೆ. ಇಲ್ಲಿ ಆ ಜಾಗದಲ್ಲಿ ಯಾರೋ ಅರೆಹೊಟ್ಟೆಯಲ್ಲಿ ಎದ್ದು ಹೋಗಿದ್ದರು.

"ಮಲ್ಲಿಕಾರ್ಜುನ್, ಇಲ್ಲಿ ಬಾಪ್ಪ," ಎಂದು ಯಾರೋ ಜೋರಾಗಿ ಕೂಗಿದರು. ಕೂಗಿದ್ದು ತಾನೇ ಎಂದು ತಿಳಿಯಲು ಸರ್ವಮಂಗಳಳಿಗೆ ಒಂದು ಕ್ಷಣ ಬೇಕಾಯಿತು. ಕ್ಲಾಸಿನ ದನಿಯೇ ಬಂದುಬಿಟ್ಟಿತ್ತು. ಎಲೆ ಎತ್ತಲು ಬಂದವರೂ ಅಲ್ಲೇ ನಿಂತರು.

"ಎಲೆ ಎತ್ತಬೇಡಿ. ಮೊದಲು ಈ ಸಾಲು ನೋಡು. ಆಮೇಲೆ ಆ ಸಾಲು ನೋಡು."

ಮಲ್ಲಿಕಾರ್ಜುನ್ ಎರಡೂ ಸಾಲು ನೋಡಿದ. ಮಂಕಾಗಿ ಮತ್ತೊಮ್ಮೆ ನೋಡಿದ. ಗೋಡೆಯ ಸಾಲಿನ ನಡುವೆ ಒಬ್ಬ ಅಜ್ಜಿ ಇನ್ನೂ ಏಳಲಾಗದೆ ಗೋಡೆ ಹಿಡಿದು ಕೂತಿದ್ದಳು.

"ಅಜ್ಜಿ, ಹೊಟ್ಟೆ ತುಂಬ್ತಾ?" ಎಂದು ಕೇಳಿದ.

"ತುಂಬ್ತು ಬುಡಪ್ಪ."

"ಇನ್ನೊಂದ್ಸಲ ಅನ್ನ ಬೇಕಿತ್ತಾ?"

"ಗಾಡಿ ಓಡೋಯ್ತಲ್ಲ ಮಗ. ಗಾಡೀನ ಏನಂತ ಕೂಗಾನ?"

ಮಲ್ಲಿಕಾರ್ಜುನ್ ಅಜ್ಜಿಯನ್ನು ಅಲ್ಲೇ ಕೂರಿಸಿ, ತಾನೇ ಬಕೆಟ್ಟು ತಂದು ಬಡಿಸಿದ. ಅಷ್ಟರಲ್ಲಿ ಸರ್ವಮಂಗಳ ಉಳಿದದ್ದನ್ನೂ ಹೇಳಿ ಮುಗಿಸಿದಳು. ಪ್ರೋಟೀನು, ಕೋಶ ಎಂದೆಲ್ಲ ಅವನ ತಲೆ ತಿನ್ನಲಿಲ್ಲ. ಬೀಸಾಗಿ ಹೋಗಿಬರುವ ಯಾವುದೇ ಆಗಲಿ ತುದಿಯಲ್ಲಿ ನಿಲ್ಲುತ್ತದೆ, ನಡುವೆ ನಿಲ್ಲುವುದಿಲ್ಲ. ನಡುವೆ ನಿಲ್ಲಬೇಕಾದರೆ ನಿಲ್ಲಲೇಬೇಕು ಅಂತ ಒಬ್ಬರು ಮನಸ್ಸು ಮಾಡಬೇಕು. ಮಹಾದೇವಯ್ಯ ಸುಸ್ತಾಗಿ ನಿಲ್ಲುತ್ತಿಲ್ಲ ಎಂದಳು.

ಮಲ್ಲಿಕಾರ್ಜುನ್ ಕೆಲಸಗಾರ ಮನುಷ್ಯ. ತಪ್ಪು ಕಂಡರೆ ವಾದ ಹೂಡುವುದಿಲ್ಲ, ರಿಪೇರಿಗೆ ಇಳಿಯುತ್ತಾನೆ.

"ಗಾಡಿಗೆ ಬ್ರೇಕೇ ಹಾಕ್ಸಿಲ್ಲ ಅಕ್ಕ," ಎಂದ ತಲೆ ಕೆರೆದುಕೊಂಡು. "ಹಾಕುಸ್ತೀನಿ. ಅಲ್ಲೀಗಂಟ ಮಾದೇವಯ್ಯೋರು ಕಂಬದ ಹತ್ರ ಒಂದು ಸ್ಟೂಲ್ ಹಾಕ್ಕೊಂಡು ಬಕೀಟು ಇಟ್ಕೊಂಡು ಕೂತ್ಕೊಳ್ಳಿ. ನಡುವಿನ ಎಲೆಗಳೆಲ್ಲ ಅವರಿಗೆ. ಬ್ರೇಕ್ ಬಂದ್ಮೇಲೂ ಅವರು ಕೈ ಎತ್ತಿದ್ ಕಡೆ ಗಾಡಿ ನಿಲ್ಬೇಕು."

ಶಾಲು ಹೇಗೂ ತಂದಾಗಿತ್ತು, ಅದನ್ನೂ ಹೊದಿಸಿದರು. ಬೀಳ್ಕೊಡುವ ಮಾತು ಮಾತ್ರ ಯಾರೂ ಆಡಲಿಲ್ಲ. ಮಹಾದೇವಯ್ಯ ಶಾಲನ್ನು ಮಡಿಸಿ ಕಂಬದ ಬುಡದಲ್ಲಿಟ್ಟು ಸ್ಟೂಲಿನ ಮೇಲೆ ಕೂತರು. ಸರ್ವಮಂಗಳ ಹತ್ತಿರ ಹೋಗಿ ಅವರ ಕಾಲು ಮುಟ್ಟಿದಳು.

"ಯಾರವ್ವ? ಸಿದ್ಧಗಂಗಮ್ಮನ ಮಗಳಲ್ವಾ?"

"ಹೂಂ ಮಾಮ, ಮಂಗಳ. ನಿಮ್ಮನ್ನ ಒಂದು ಮಾತು ಕೇಳೋಕೆ ಬಂದೆ. ನಾವು ಓದೋವಾಗ ಈ ಕಂಬದ ಹತ್ರ ನಿಂತು ಕೈ ಬದಲಾಯಿಸ್ತಿದ್ರಲ್ಲ, ನಿಮ್ಮ ಕೈ ನೋಯ್ತಿತ್ತಾ?"

ಮಹಾದೇವಯ್ಯ ನಕ್ಕರು. ನಗುವಾಗ ಹಳೆಯ ಮುಖ ಒಮ್ಮೆ ಮರಳಿ ಬಂತು.

"ಕಾಯಿ ಸುಲಿಯೋ ಕೈ ಕಣವ್ವ ಇದು. ಒಂದ್ ಬಕೀಟು ಅನ್ನಕ್ಕೆ ನೋಯ್ತದಾ? ನಿಮ್ಮವ್ವ ಹೇಳಿದ್ಲು."

"ಅವ್ವನಾ?"

"ಇಲ್ಲೇ ಮಠದ ಅಡುಗೆಮನೇಲಿ ಕೆಲಸಕ್ಕಿದ್ಲಲ್ಲ, ಅಕ್ಕಿ ಆರಿಸ್ತಾ ಕೂತಿದ್ಲು. 'ಮಾದೇವಣ್ಣ, ನನ್ ಮಗಳು ಬಾಯ್ಬುಟ್ಟು ಕೇಳೋಳಲ್ಲ. ಅವಳ ಎಲೆ ಮುಂದೆ ಒಸಿ ನಿಂತ್ಕೊ. ಅವಳಿಗೋಸ್ಕರ ನಿಂತಿದ್ದೀಯ ಅಂತ ಗೊತ್ತಾಗ್ಬಾರ್ದು, ನಾಚ್ಕೊಂಡು ಆ ಜಾಗವೂ ಬುಟ್ಬುಡ್ತಾಳೆ' ಅಂದ್ಲು. ಗೊತ್ತಾಗ್ದಂಗೆ ನಿಲ್ಲೋದೆಂಗೆ? ಕೈ ನೋವು ಅಂತ ನಾಟಕ ಆಡ್ದೆ." ಬಕೆಟ್ಟಿನಲ್ಲಿ ಸೌಟು ಆಡಿಸಿದರು. "ನೀನು ಓದು ಮುಗ್ಸಿ ಹೋದೆ. ಆ ಜಾಗಕ್ಕೆ ಇನ್ನೊಂದು ಮಗ ಬಂದು ಕೂತ್ಕೊಳ್ತು. ಅದೂ ಕೇಳ್ತಿರ್ಲಿಲ್ಲ. ಅದಾದ್ಮೇಲೆ ಇನ್ನೊಂದು. ಹಂಗೇ ನಿಂತ್ಕೊಂಡ್ ಬಂದೆ."

ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಕೊನೆಯವರೆಗೂ ಒಂದು ಮಾತು ಹೇಳಿರಲಿಲ್ಲ. ಮಕ್ಕಳ ಪಂಕ್ತಿ ಮುಗಿಯುವವರೆಗೂ ಒಳಗೆ ಅಕ್ಕಿಯ ಮೊರದ ಮುಂದೆ ಕೂತಿರುತ್ತಿದ್ದಳು, ಕೊನೆಗೆ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದಳು. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂದು ಗಾದೆ ಕಟ್ಟಿದವರಿಗೆ ಸಿದ್ಧಗಂಗಮ್ಮ ಗೊತ್ತಿರಲಿಲ್ಲ. ಮಗಳ ಪರವಾಗಿ ಅವಳು ಒಂದೇ ಒಂದು ಸಲ ಕೇಳಿದ್ದಳು. ಆ ಒಂದು ಮಾತಿನಿಂದ ಈ ಕಂಬದ ಬಳಿ ಕೂತ ಎಷ್ಟು ಮೂಕ ಮಕ್ಕಳು ಹೊಟ್ಟೆ ತುಂಬಿ ಎದ್ದುಹೋದರೋ. ಸರ್ವಮಂಗಳ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವ್ವನಿಗೆ ಹೇಳಬೇಕಾದದ್ದು, ಈ ಮುದುಕನಿಗೆ ಹೇಳಬೇಕಾದದ್ದು ಎಲ್ಲ ಒಟ್ಟಿಗೆ ನುಗ್ಗಿಬಂತು. ಬಾಯಿಗೆ ಬಂದದ್ದು ಮಾತ್ರ ಇಷ್ಟೇ:

"ನಿಮ್ಮ ಅನ್ನ ತಿಂದು ಮನುಷ್ಯಳಾದೆ ಮಾಮ."

"ಮಠದ ಅನ್ನ. ನಂದು ಸೌಟು ಅಷ್ಟೇಯ," ಎಂದರು ಮಹಾದೇವಯ್ಯ. "ಹೋಗು, ಎರಡನೇ ಪಂಕ್ತಿ ಕೂತ್ಕೊಳ್ತಾವ್ರೆ."

ಭಾನುಪ್ರಿಯಾ ಆಗಲೇ ಓಡಿಹೋಗಿ ಸಾಲಿನ ತುದಿ ಹಿಡಿದಿದ್ದಳು. ಪಾಠ ಚೆನ್ನಾಗಿ ಅರ್ಥವಾಗಿತ್ತು ಅವಳಿಗೆ. ಪಕ್ಕದ ಜಾಗ ತಟ್ಟಿ ಮೇಡಮ್ಮನ್ನು ಕರೆದಳು. ಸರ್ವಮಂಗಳ ಕೈಯಾಡಿಸಿ ಬೇಡವೆಂದು ಕಂಬದ ಎದುರಿಗೆ ತನ್ನ ಹಳೆಯ ಜಾಗದಲ್ಲಿ ಕೂತಳು. ಎಲೆ ಬಂತು, ಉಪ್ಪು ಬಂತು, ಪಲ್ಯ ಬಂತು, ಅನ್ನ ಸಾರು ಬಂತು. ಉಂಡಳು. ಗಾಡಿ ಗಡಗಡ ಎನ್ನುತ್ತ ಬಂತು, ಮಹಾದೇವಯ್ಯ ಕೈ ಎತ್ತಿದ್ದು ಕಂಡು ತಳ್ಳುವವರು ಹಿಂದಕ್ಕೆ ಜಗ್ಗಿ ಹೇಗೋ ನಿಲ್ಲಿಸಿದರು. ಮಹಾದೇವಯ್ಯ ಸ್ಟೂಲಿನಿಂದಲೇ ಬಾಗಿ ಅವಳ ಎಲೆ ನೋಡಿದರು. ಸೌಟು ಎತ್ತಿ, ಕೇಳದೆಯೇ ಹಾಕಲು ಕೈ ಚಾಚಿದರು.

"ಮಾಮ," ಎಂದಳು ಸರ್ವಮಂಗಳ, ಇಡೀ ಸಾಲಿಗೆ ಕೇಳುವಂತೆ. "ನಂಗೆ ಇನ್ನೊಂದ್ ಸೌಟು ಅನ್ನ ಬೇಕು."

ಮಹಾದೇವಯ್ಯನವರ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಸೌಟನ್ನು ಬಕೆಟ್ಟಿನ ತಳದವರೆಗೂ ಇಳಿಸಿ, ತುಂಬ ತೆಗೆದು ಬಡಿಸಿದರು.